ಆಮೇಲೆ ತಿಳಿಸುತ್ತೇವೆ

ನಮ್ಮ ಭಾಂಡುಪ್‌ನಲ್ಲಿ ನಂಬರು ಹಿಡಿದುಕೊಂಡು ಮನೆ ಹುಡುಕಹೊರಟವರು ದಡ ಸೇರಿದ್ದು ಕಡಿಮೆ. ಅದರಲ್ಲೂ ಸ್ಟೇಶನ್ನಿನ ಪಶ್ಚಿಮಕ್ಕೆ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗವನ್ನು (ಹಳಬರ ಬಾಯಲ್ಲಿ ಅದಿನ್ನೂ ಆಗ್ರಾ ರೋಡು) ದಾಟಿ ಗುಡ್ಡದ ಕಡೆ ಹೆಜ್ಜೆ ಹಾಕಿದಿರೋ, ಟೆಂಭೀಪಾಡ, ತುಳಶೇತ್‌ಪಾಡ, ಖಿಂಡೀಪಾಡ ಎಂದು ಒಂದರ ಹೆಗಲ ಮೇಲೊಂದು ಕೂತ ವಸತಿಗಳಲ್ಲಿ ಹನ್ನೆರಡನೆಯ ಮನೆಯ ಪಕ್ಕಕ್ಕೇ ನೂರನಾಲ್ಕನೆಯದು ಎದುರಾದೀತು. ಅಲ್ಲಿ ವಿಳಾಸ ಹೇಳುವ ಪರಿಪಾಠವೇ ಬೇರೆ: ಗಣಪತಿ ಗುಡಿಯ ಹಿಂದೆ, ನಲ್ಲಿಯ ಎದುರು, ನೀಲಿ ಬಾಗಿಲು, ಹೊಸ್ತಿಲ ಬಳಿ ತುಳಸಿ. ಎಷ್ಟನೆಯ ಮನೆ ಎಂದು ಕೇಳಬಾರದು, ಎಂಥ ಮನೆ ಎಂದು ಕೇಳಬೇಕು. 1979ರಲ್ಲಿ ಇಲ್ಲಿಗೆ ಬಂದ ಹೊಸತರಲ್ಲೇ ನಾವು ಇದನ್ನು ಕಲಿತಿದ್ದೆವು. ನಾಲ್ಕು ದಶಕ ಕಳೆದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅದೇ ಪಾಠವನ್ನು ಮತ್ತೊಮ್ಮೆ, ಅದೂ ಏಟು ತಿಂದು, ಕಲಿಯಬೇಕಾದೀತೆಂದು ಮಾತ್ರ ಎಣಿಸಿರಲಿಲ್ಲ.

ಈ ಬರಹದಲ್ಲಿ ನಾವು ಎಂದರೆ ಗಂಡ-ಹೆಂಡತಿ ನಾವಿಬ್ಬರು. ಒಬ್ಬರು ಹೇಳುವುದು, ಒಬ್ಬರು ಬರೆಯುವುದು; ಯಾರು ಯಾವುದು ಎಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಒಬ್ಬರು ಬ್ಯಾಂಕಿನಲ್ಲಿ ದುಡಿದವರು, ಇನ್ನೊಬ್ಬರು ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಕಲಿಸಿದವರು. ಹೀಗಾಗಿ ಅರ್ಜಿ, ಫಾರಂಗಳೊಡನೆ ನಮ್ಮ ನಂಟು ಹಳೆಯದು. ಎಂಬತ್ತರ ದಶಕದಲ್ಲಿ ತಿಂಗಳ ಮೊದಲ ವಾರ ನಮ್ಮ ಖೋಲಿಯ ಮುಂದೆ ಹೊಟೇಲಿನ ಹುಡುಗರು ಮನಿಯಾರ್ಡರ್ ಫಾರಂ ಹಿಡಿದು ನಿಲ್ಲುತ್ತಿದ್ದರು. ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆಯ ಮಕ್ಕಳು. ಫಾರಂನ ಕೆಳಗೆ ಎರಡು ಮಾತು ಬರೆಯುವಷ್ಟು ಜಾಗ ಇರುತ್ತಿತ್ತು. ಏನು ಬರೆಯೋಣ ಎಂದು ಕೇಳಿದರೆ ಹೆಚ್ಚಿನವರದೂ ಒಂದೇ ಉತ್ತರ: "ಸೌಖ್ಯ ಎಂದು ಬರೆಯಿರಿ. ಉಳಿದದ್ದು ಆಮೇಲೆ ತಿಳಿಸುತ್ತೇನೆ ಎಂದು ಬರೆಯಿರಿ." ಈ 'ಆಮೇಲೆ' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಅದರಿಂದಲೇ ನಮಗೆ ಫಜೀತಿ.

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿ ಹಲವು ವರ್ಷ ನಡೆದು 2020ರ ಮಾರ್ಚಿನಲ್ಲಿ, ಎಲ್ಲವೂ ನಿಂತಂತೆ, ನಿಂತಿತು. ಒಂದು ಹೌಸಿಂಗ್ ಸೊಸೈಟಿಯವರು ಕೊಟ್ಟ ನೆಲಮಾಳಿಗೆಯ ಕೋಣೆ, ಒಂದು ಕರಿಹಲಗೆ, ಹದಿನಾಲ್ಕು ಬೆಂಚು. ಕೋಣೆಯ ಕೀಲಿಕೈ ನಮ್ಮಲ್ಲೇ ಉಳಿಯಿತು. 2023ರಲ್ಲಿ ಸೊಸೈಟಿಯವರು ಸೌಜನ್ಯದಿಂದಲೇ ಕೇಳಿದರು: ತರಗತಿ ನಡೆಸುತ್ತೀರೋ, ಕೋಣೆ ಬಿಟ್ಟುಕೊಡುತ್ತೀರೋ? ಕಾರ್ಯಕಾರಿ ಸಮಿತಿ ಸೇರಿತು. ಈಗಿನ ಮಕ್ಕಳಿಗೆ ಕನ್ನಡ ಯಾರಿಗೆ ಬೇಕು ಎಂದರು ಕೆಲವರು. ಕೇಳಿ ನೋಡದೆ ಹಾಗೆನ್ನಬಾರದು ಎಂದರು ಕೆಲವರು. ಕೇಳುವುದೆಂದರೆ ಹೇಗೆ? ಮನೆಮನೆಗೆ ಹೋಗುವ ಕಾಲ ಮುಗಿಯಿತು, ಇಂಟರ್ನೆಟ್ಟಿನಲ್ಲಿ ಒಂದು ಫಾರಂ ಹಾಕೋಣ ಎಂದು ಠರಾವಾಯಿತು. ಫಾರಂ ಎಂದೊಡನೆ ಎಲ್ಲರೂ ನಮ್ಮ ಕಡೆ ನೋಡಿದರು.

ನಮ್ಮ ಎದುರು ಮನೆಯ ಹುಡುಗಿ ಆಗಷ್ಟೇ ಎಂಜಿನಿಯರಿಂಗ್ ಮುಗಿಸಿ ಕೆಲಸದ ಕರೆಗೆ ಕಾಯುತ್ತಿದ್ದಳು. ಅವಳು ಪುಟ ಕಟ್ಟುವುದು, ನಾವು ಕನ್ನಡದ ಒಕ್ಕಣೆ ಕೊಡುವುದು ಎಂದು ಒಪ್ಪಂದ. ಮೊದಲ ಭಾನುವಾರ ಅವಳು ಹೇಳಿಕೊಟ್ಟದ್ದು ಇಷ್ಟು. ಪುಟದ ಮೇಲೆ ಕಾಣುವ ಒಂದೊಂದು ಪೆಟ್ಟಿಗೆಗೂ ಒಳಗೆ ಒಂದು ಚೀಟಿ ಅಂಟಿರುತ್ತದೆ. ಇದು ಬರೆಯುವ ಪೆಟ್ಟಿಗೆ, ಇದು ಗುರುತು ಹಾಕುವ ಗುಂಡಿ, ಇದರ ಹೆಸರು ಇಂಥದು, ಬೆಲೆ ಇಂಥದು ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಟೈಪ್, ನೇಮ್, ವ್ಯಾಲ್ಯೂ ಎಂಬ ಈ ಬರಹಗಳಿಗೆ ಆಟ್ರಿಬ್ಯೂಟ್ ಎನ್ನುತ್ತಾರೆ, ಲಕ್ಷಣ ಎನ್ನೋಣ. ಜನ ತುಂಬಿದ್ದನ್ನು ಪೆಟ್ಟಿಗೆಯಿಂದ ಹೊರತೆಗೆದು ಕಳಿಸುವ ಕೆಲಸ ಜಾವಾಸ್ಕ್ರಿಪ್ಟ್ ಎಂಬ ಭಾಷೆಯದು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರಂತೆ. ನಮ್ಮ ಸಮಿತಿ ಹತ್ತು ದಿನಗಳಲ್ಲಿ ಒಂದು ಆಮಂತ್ರಣ ಪತ್ರಿಕೆಯ ಕರಡನ್ನೂ ಒಪ್ಪಿದ್ದಿಲ್ಲ, ಅದಿರಲಿ.

ಪೆಟ್ಟಿಗೆಗಳನ್ನು ಹುಡುಕುವ ಸುಲಭದ ಉಪಾಯವೆಂದು ನಮಗೆ ತೋಚಿದ್ದು ಎಣಿಕೆ. ಮೊದಲನೆಯದು ಹೆಸರು, ಎರಡನೆಯದು ವಿಳಾಸ, ಮೂರನೆಯದು ಫೋನು. (ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ, ಆದ್ದರಿಂದ ಮೂರನೆಯದು ಅದಕ್ಕೆ ಎರಡು, ಈ ಗೋಜಲು ಬೇರೆ.) ಹಾಗೆಯೇ ಮಾಡಿಸಿದೆವು. ಮರುದಿನ ಸಮಿತಿಯ ಹಿರಿಯರೊಬ್ಬರು ಹೆಸರಿನ ಕೆಳಗೆ 'ಮನೆಮಾತು' ಎಂಬ ಪೆಟ್ಟಿಗೆ ಬೇಕೆಂದರು. ಸೇರಿಸಿದೆವು. ಅಂದಿನಿಂದ ವಿಳಾಸದ ಜಾಗದಲ್ಲಿ 'ತುಳು' ಎಂದೂ ಫೋನಿನ ಜಾಗದಲ್ಲಿ 'ಟೆಂಭೀಪಾಡ' ಎಂದೂ ಬರತೊಡಗಿತು. ಹುಡುಗಿ ನಕ್ಕಳು. "ಅಂಕಲ್, ಆಂಟಿ, ನೀವು ಭಾಂಡುಪ್‌ನವರಾಗಿ ನಂಬರಿನಿಂದ ಹುಡುಕಿಸಿದಿರಲ್ಲ!" ಎಂದಳು. ಎಷ್ಟನೆಯದು ಎನ್ನಬಾರದು, ಎಂಥದು ಎನ್ನಬೇಕು.

ಎಂಥದು ಎಂದು ಕೇಳುವ ಬಗೆ ಹೀಗೆ: ಕ್ವೆರಿ ಸೆಲೆಕ್ಟರ್ ಎಂಬ ಒಂದು ಆಜ್ಞೆ, ಅದಕ್ಕೆ ಚೌಕ ಕಂಸದಲ್ಲಿ ಲಕ್ಷಣವನ್ನು ಹೇಳಿಕೊಡುವುದು. ಇನ್‌ಪುಟ್[ನೇಮ್="ವಿಳಾಸ"] ಎಂದರೆ, ಯಾವ ಪೆಟ್ಟಿಗೆಯ ಚೀಟಿಯಲ್ಲಿ ಹೆಸರು 'ವಿಳಾಸ' ಎಂದಿದೆಯೋ ಅದು ಎಲ್ಲಿದ್ದರೂ ಎದ್ದು ಬರುತ್ತದೆ. ಇನ್‌ಪುಟ್, ನೇಮ್ ಎಂಬಿವು ಅಲ್ಲಿ ರೋಮನ್ ಲಿಪಿಯಲ್ಲೇ ಇರಬೇಕು. ಉದ್ಧರಣ ಚಿಹ್ನೆಯೊಳಗಿನದು ಕನ್ನಡದಲ್ಲಿದ್ದರೂ ಅದಕ್ಕೆ ಬೇಸರವಿಲ್ಲ. ಈ ಚೌಕ ಕಂಸದ ಕ್ರಮ ಮೊದಲು ಬಂದದ್ದು ಪುಟಗಳಿಗೆ ಬಣ್ಣ-ಬೆಡಗು ಹಚ್ಚುವ ಸಿಎಸ್‌ಎಸ್ ಎಂಬ ಭಾಷೆಯ ಎರಡನೆಯ ಆವೃತ್ತಿಯಲ್ಲಿ, 1998ರಲ್ಲಿ. 2006ರಲ್ಲಿ ಜಾನ್ ರೆಸಿಗ್ ಎಂಬವರ ಜೆಕ್ವೆರಿ ಬಂದಾಗ ಜಾವಾಸ್ಕ್ರಿಪ್ಟ್ ಬರೆಯುವವರಲ್ಲಿ ಅದು ಮನೆಮಾತಾಯಿತು. ಆಮೇಲಾಮೇಲೆ ಬ್ರೌಸರುಗಳೇ ಅದನ್ನು ಕಲಿತವು. ಅದರಲ್ಲಿ ನಮಗೆ ಪ್ರಿಯವಾದ ಇನ್ನೊಂದು ಸೊಗಸಿದೆ. ಒಂದೊಂದು ಮನೆಯಲ್ಲಿ ಎಷ್ಟು ಮಕ್ಕಳೋ ಏನೋ ಎಂದು 'ಮಗು-1', 'ಮಗು-2', 'ಮಗು-3' ಎಂದು ಪೆಟ್ಟಿಗೆಗಳಿಗೆ ಹೆಸರಿಟ್ಟಿದ್ದೆವು. ಸಮಚಿಹ್ನೆಯ ಹಿಂದೆ ಒಂದು ಹಂಸಪಾದ ಹಾಕಿ (ಕರಡು ತಿದ್ದುವವರು ಬಿಟ್ಟುಹೋದ ಪದ ಸೇರಿಸಲು ಹಾಕುತ್ತಾರಲ್ಲ, ಅದೇ) 'ಮಗು' ಎಂದು ಆರಂಭವಾಗುವುದೆಲ್ಲ ಬರಲಿ ಎಂದರೆ ಅಷ್ಟೂ ಮಕ್ಕಳು ಕೈಕೈ ಹಿಡಿದುಕೊಂಡು ಬರುತ್ತವೆ. ಮುನಿಸಿಪಲ್ ಶಾಲೆಯಲ್ಲಿ ಹಾಜರಿ ಕರೆದವರಿಗೆ ಇದರ ಸುಖ ಗೊತ್ತು.

ಆದರೆ ಈ ಲಕ್ಷಣ ನೋಡುವವನು ಮಹಾ ಕಟ್ಟುನಿಟ್ಟಿನ ಆಸಾಮಿ. ನಮ್ಮ ಊರು ಹಳಿಯಿಂದ ಎರಡು ಹೋಳಾದ ಊರು. 1853ರ ಏಪ್ರಿಲ್ 16ರಂದು ಬೋರೀಬಂದರದಿಂದ ಠಾಣೆಗೆ ಹೊರಟ ಮೊದಲ ರೈಲು ಭಾಂಡುಪ್ ಹಾದೇ ಹೋದದ್ದು. ಅಂಥದೊಂದು ರೈಲುಮಾರ್ಗದ ಆಲೋಚನೆಯೇ ಜಾರ್ಜ್ ಕ್ಲಾರ್ಕ್ ಎಂಬ ಸರಕಾರಿ ಎಂಜಿನಿಯರಿಗೆ 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗ ಹೊಳೆಯಿತೆಂದು ರೈಲ್ವೆಯ ಚರಿತ್ರೆಯಲ್ಲಿದೆ. ಅವರಿಗೆ ಅದು ಇಲ್ಲಿ ಹೊಳೆಯದೇ ಇದ್ದರೆ ಪೂರ್ವದ ಮಕ್ಕಳು ತರಗತಿಗೆ ಸೇತುವೆ ಹತ್ತಿ ಇಳಿದು ಬರಬೇಕಾಗಿರಲಿಲ್ಲ. ಆದ್ದರಿಂದ 'ಭಾಂಡುಪ್ ಪೂರ್ವ' ಎಂದು ಗುರುತು ಹಾಕಿದವರಿಗೆ ಮಾತ್ರ, ಮಗುವನ್ನು ಕರೆತರಲು ಯಾರಿದ್ದಾರೆ ಎಂಬ ಇನ್ನೊಂದು ಪ್ರಶ್ನೆ ತೆರೆದುಕೊಳ್ಳಬೇಕೆಂದು ಏರ್ಪಾಡು. ಏನು ಮಾಡಿದರೂ ಅದು ತೆರೆಯದು! ಅಕ್ಷರ ಅಕ್ಷರ ಹೋಲಿಸಿದೆವು. ಚೀಟಿಯಲ್ಲಿಯೂ ಭಾಂಡುಪ್ ಪೂರ್ವ, ಆಜ್ಞೆಯಲ್ಲಿಯೂ ಭಾಂಡುಪ್ ಪೂರ್ವ. ಇಡೀ ಭಾನುವಾರ ಹೋಯಿತು. ಕೊನೆಗೆ ಹುಡುಗಿ ಕಂಡುಹಿಡಿದಳು. ನಾವು ಮೊದಲು ಎರಡನ್ನೂ ಕೂಡಿಸಿ ಟೈಪು ಮಾಡಿದ್ದೆವು. ಆಗ ಅದು 'ಭಾಂಡುಪ್ಪೂರ್ವ' ಎಂದು ಒತ್ತಕ್ಷರವಾಗಿ ಉಪ್ಪುಪ್ಪಾಗಿ ಕಂಡಿತು. ಒತ್ತನ್ನು ಬಿಡಿಸಲು ನಡುವೆ ಒಂದು ಕಣ್ಣಿಗೆ ಕಾಣದ ಸಂಕೇತ ಹಾಕಿದ್ದೆವು. ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು; ಅಗಲವಿಲ್ಲ, ಆಕಾರವಿಲ್ಲ, ಆದರೆ ಅಕ್ಷರವೆಂಬ ಲೆಕ್ಕಕ್ಕೆ ಉಂಟು. ಆಮೇಲೆ ಜಾಗ ಬಿಟ್ಟು ಬರೆದಾಗಲೂ ಅದು ಪಕಾರದ ಬೆನ್ನಿಗೆ ಅಂಟಿಕೊಂಡೇ ಉಳಿದಿತ್ತು. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ 128 ಸ್ಥಾನಗಳನ್ನು ಮೀಸಲಿಟ್ಟರು. ಆ ಸ್ಥಾನಸಂಖ್ಯೆಗಳು ಒಂದಕ್ಕೊಂದು ಕೂಡಿಬಂದರೆ ಮಾತ್ರ ಎರಡು ಪದ ಒಂದೇ. ಮನುಷ್ಯನ ಕಣ್ಣಿಗೆ ಒಂದೇ ಆಗಿ ಕಂಡರೆ ಸಾಲದು. 'ಭಾಂಡುಪ್‌ನಲ್ಲಿ' ಎಂದು ಬರೆಯಲು ಈ ಅದೃಶ್ಯ ಪುರುಷ ಬೇಕೇ ಬೇಕು, ಇಲ್ಲದಿದ್ದರೆ ಪಕಾರಕ್ಕೆ ನಕಾರ ನೇತುಬೀಳುತ್ತದೆ. ಬೇರೆಲ್ಲೋ ಬೇಕಾದವನು ಇಲ್ಲಿ ಬಾಗಿಲು ತಡೆದಿದ್ದ. ತೆಗೆದುಹಾಕಿದೆವು, ಪ್ರಶ್ನೆ ತೆರೆಯಿತು.

ಇಷ್ಟಾಗುವಾಗ ಹುಡುಗಿಗೆ ಪುಣೆಯಿಂದ ಕೆಲಸದ ಕರೆ ಬಂತು. ಉಳಿದದ್ದು ಒಂದೇ ಪ್ರಶ್ನೆ, ಆದರೆ ಅದೇ ಮುಖ್ಯ: ಕನ್ನಡ ತರಗತಿ ಬೇಕೇ? ಮೂರು ಗುಂಡಿ: ಬೇಕು, ಬೇಡ, ಆಮೇಲೆ ತಿಳಿಸುತ್ತೇವೆ. ಬಂದವರನ್ನು ನೇರವಾಗಿ ಬೇಕೋ ಬೇಡವೋ ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆಯಲ್ಲವೆಂದು, ಮೂರನೆಯ ಗುಂಡಿಯ ಮೇಲೆ ನಾವೇ ಮೊದಲಾಗಿ ಗುರುತು ಹಾಕಿಟ್ಟೆವು. ಬೇಕಾದವರು ಬದಲಿಸಿಕೊಳ್ಳಲಿ ಎಂದು. ಹಾಗೆ ಗುರುತಿಡಲು ಗುಂಡಿಯ ಚೀಟಿಯಲ್ಲಿ ಚೆಕ್ಡ್ ಎಂಬ ಒಂದು ಲಕ್ಷಣ ಬರೆಯಬೇಕು. ಇನ್ನು ಯಾವ ಗುಂಡಿಗೆ ಗುರುತು ಬಿದ್ದಿದೆ ಎಂದು ಆರಿಸುವ ಸಾಲು. ಚೌಕ ಕಂಸದಲ್ಲಿ ಪಳಗಿದ ನಮಗೆ ಅದೇನು ಮಹಾ ಎನಿಸಿತು. ಹೆಸರು ತರಗತಿ, ಲಕ್ಷಣ ಚೆಕ್ಡ್: ಇನ್‌ಪುಟ್[ನೇಮ್="ತರಗತಿ"][ಚೆಕ್ಡ್]. ಆ ಒಂದು ಸಾಲು ಹುಡುಗಿಯದಲ್ಲ, ನಮ್ಮದು. ಒಮ್ಮೆ ಪರೀಕ್ಷಿಸಿಯೂ ನೋಡಿದೆವು: ನಮ್ಮ ಹೆಸರು, ವಿಳಾಸ ತುಂಬಿ, ನಮಗೆ ಸಣ್ಣ ಮಕ್ಕಳಿಲ್ಲವಾದ್ದರಿಂದ ಗುಂಡಿಯನ್ನು ಮುಟ್ಟದೆ ಕಳಿಸಿದೆವು. 'ಆಮೇಲೆ ತಿಳಿಸುತ್ತೇವೆ' ಎಂದೇ ಬಂದು ಬಿತ್ತು. ಸರಿಯಾಗಿದೆ ಎಂದು ಸಂತೋಷಪಟ್ಟೆವು.

ಮೂರು ವಾರಗಳಲ್ಲಿ 43 ಫಾರಂ ಬಂದವು. ಹೆಸರು, ಮನೆಮಾತು, ವಿಳಾಸ ಎಲ್ಲ ಚೊಕ್ಕ. ತರಗತಿಯ ಕಂಬಸಾಲು ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: ಆಮೇಲೆ ತಿಳಿಸುತ್ತೇವೆ, ಆಮೇಲೆ ತಿಳಿಸುತ್ತೇವೆ, ಆಮೇಲೆ ತಿಳಿಸುತ್ತೇವೆ.

ಇಲ್ಲಿ ನಾವು ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 43 ಮನೆಯವರು ಒಬ್ಬರೂ ತಪ್ಪದೆ ಒಂದೇ ಉತ್ತರ ಕೊಟ್ಟರೆ ಬ್ಯಾಂಕಿನಲ್ಲಿ ದುಡಿದವರಿಗೆ ಸಂಶಯ ಬರಬೇಕು; ಎಲ್ಲ ಉತ್ತರಪತ್ರಿಕೆಗಳೂ ಒಂದೇ ರೀತಿ ಇದ್ದರೆ ಶಾಲೆಯಲ್ಲಿ ಕಲಿಸಿದವರಿಗೆ ಸಂಶಯ ಬರಬೇಕು. ನಮಗಿಬ್ಬರಿಗೂ ಬರಲಿಲ್ಲ. ಏಕೆಂದರೆ ನಮ್ಮವರ ಬಗ್ಗೆ ನಾವು ಮೊದಲೇ ಹಾಗೆಂದು ತಿಳಿದಿದ್ದೆವು. ಅವರು ಬೇಡ ಎನ್ನುವವರಲ್ಲ, ಬೇಕು ಎನ್ನುವವರೂ ಅಲ್ಲ, ನಗುನಗುತ್ತ ಆಮೇಲೆ ಎನ್ನುವವರು. ಮನಿಯಾರ್ಡರ್ ಕಾಲದಿಂದ ನೋಡಿಲ್ಲವೇ ನಾವು! ಸಮಿತಿಯಲ್ಲಿ ಓದಿ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬರು "ನಾನು ಅಂದೇ ಹೇಳಿರಲಿಲ್ಲವೇ" ಎಂದರು. ಕೋಣೆ ಬಿಟ್ಟುಕೊಡುವ ಠರಾವು ಐದೇ ನಿಮಿಷದಲ್ಲಿ ಆಯಿತು. ಕರಿಹಲಗೆಯನ್ನು ಏನು ಮಾಡುವುದು ಎಂಬ ಬಗ್ಗೆ ಮಾತ್ರ ಅರ್ಧ ಗಂಟೆ ಚರ್ಚೆ ನಡೆಯಿತು.

ತಿಂಗಳ ಕೊನೆಗೆ ಕೀಲಿಕೈ ಕೊಡುವುದೆಂದಾಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಸ್ಟೇಶನ್ನಿನ ಹೊರಗೆ ಬಸಳೆಸೊಪ್ಪು ಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು. ತುಳಶೇತ್‌ಪಾಡದ ಹೆಂಗಸು, ಹಿಂದೊಮ್ಮೆ ನಮ್ಮ ತರಗತಿಯಲ್ಲೇ ಅ ಆ ಇ ಈ ತಿದ್ದಿದವಳು. ಈಗ ಅವಳಿಗೇ ಇಬ್ಬರು ಮಕ್ಕಳು. "ತರಗತಿ ಯಾವಾಗ ಶುರು? ಬೇಕು ಎಂದು ಹಾಕಿ ಮೂರು ವಾರವಾಯಿತಲ್ಲ" ಎಂದಳು. ನೀನು ಆಮೇಲೆ ತಿಳಿಸುತ್ತೇವೆ ಎಂದಲ್ಲವೇ ಹಾಕಿದ್ದು ಎಂದೆವು. ಅವಳ ಮುಖ ಸಣ್ಣದಾಯಿತು. "ನಾನೇಕೆ ಹಾಗೆ ಹಾಕಲಿ? ಮೊಬೈಲಿನಲ್ಲಿ ಮಗಳ ಕೈಯಲ್ಲೇ ಒತ್ತಿಸಿದ್ದು, ಬೇಕು ಎಂದು. ಊರಿನಲ್ಲಿ ಅಜ್ಜಿಯ ಕಾಗದ ಓದಲಿಕ್ಕೆ ಬರುವುದಿಲ್ಲ ಎಂದು ಅವಳಿಗೇ ಬೇಜಾರು."

ಸೊಪ್ಪಿನ ಚೀಲವನ್ನು ಅಡುಗೆಮನೆಗೂ ಒಯ್ಯದೆ ಪುಣೆಗೆ ಫೋನು ಮಾಡಿದೆವು. ಹುಡುಗಿ ಪುಟವನ್ನು ತೆರೆಸಿ, ಚೀಟಿಗಳು ಕಾಣುವ ಒಳಬಾಗಿಲನ್ನು ತೆರೆಸಿದಳು. "ಈಗ ಬೇಕು ಒತ್ತಿ" ಎಂದಳು. ಒತ್ತಿದೆವು. ಹೊರಗೆ ಗುರುತು 'ಬೇಕು'ವಿಗೆ ಹಾರಿತು. ಒಳಗಿನ ಚೀಟಿಯಲ್ಲಿ ಚೆಕ್ಡ್ ಎಂಬ ಮಾತು 'ಆಮೇಲೆ'ಯ ಮೇಲೆ ಇದ್ದಲ್ಲೇ ಇತ್ತು. 'ಬೇಡ' ಒತ್ತಿದೆವು, ಆಗಲೂ ಅಲ್ಲೇ. ಚೀಟಿಯ ಲಕ್ಷಣ ಹೇಳುವುದು ಪುಟ ಹುಟ್ಟುವಾಗ ಏನಿತ್ತು ಎಂಬುದನ್ನು. ಫಾರಂ ತುಂಬುವವರು ಈಗ ಏನು ಮಾಡಿದ್ದಾರೆ ಎಂಬುದು ಬೇರೆ ಲೆಕ್ಕ. ಅದನ್ನು ಪ್ರಾಪರ್ಟಿ ಎನ್ನುತ್ತಾರೆ. (ಮುಂಬೈಯಲ್ಲಿ ಈ ಶಬ್ದಕ್ಕೆ ಇರುವ ಅರ್ಥ ಬೇರೆ.) ಹಳೆಯದನ್ನು ಅಳಿಸದೆ ಇಡುವುದೂ ಸಕಾರಣವೇ: ಯಾರಾದರೂ ರಿಸೆಟ್ ಒತ್ತಿದರೆ ಫಾರಂ ತನ್ನ ಮೊದಲಿನ ಸ್ಥಿತಿಗೆ ಮರಳಬೇಕಲ್ಲ, ಅದಕ್ಕೆ ಆಧಾರ ಬೇಕು. ನಮ್ಮ ಹಳೆಯ ರೇಷನ್ ಕಾರ್ಡಿನಲ್ಲಿ ಮಗನ ವಯಸ್ಸು ಇಂದಿಗೂ ಮೂರು. ಅವನಿಗೆ ಈಗ ತಲೆ ನೆರೆಯುತ್ತಿದೆ. ಕಾರ್ಡು ಸುಳ್ಳು ಹೇಳುತ್ತಿಲ್ಲ, ನಾವು ಕಾರ್ಡನ್ನು ಕೇಳಿದ್ದೇ ತಪ್ಪು. ವಿಳಾಸ, ಹೆಸರುಗಳು ಸರಿಯಾಗಿ ಬಂದದ್ದೇಕೆಂದರೆ ಅಲ್ಲಿ ಲಕ್ಷಣದಿಂದ ಪೆಟ್ಟಿಗೆಯನ್ನಷ್ಟೇ ಹುಡುಕಿ, ಒಳಗಿನದನ್ನು ಪೆಟ್ಟಿಗೆಯ ಈಗಿನ ಬೆಲೆ ಕೇಳಿ ತೆಗೆದಿತ್ತು. ಇಲ್ಲಿ ಉತ್ತರವನ್ನೇ ಚೀಟಿಯಲ್ಲಿ ಓದಿದ್ದೆವು. ಚೌಕ ಕಂಸದ ಬದಲು ಎರಡು ಚುಕ್ಕೆ ಹಾಕಿ ಚೆಕ್ಡ್ ಎಂದು ಬರೆದಿದ್ದರೆ ಈಗಿನ ಗುರುತು ಸಿಗುತ್ತಿತ್ತು. ಕಂಸ ತೆಗೆದು ಎರಡು ಚುಕ್ಕೆ, ಇಷ್ಟೇ ತಿದ್ದುಪಡಿ. ಮತ್ತೆ ಪರೀಕ್ಷಿಸಿದೆವು, ಈ ಸಲ ಮೂರು ಗುಂಡಿಯನ್ನೂ ಒತ್ತಿ.

ಬಂದ 43 ಉತ್ತರಗಳ ಗತಿ? ಅವು ಎಲ್ಲೂ ಇಲ್ಲ. ಕಳಿಸಿದ್ದು ನಮ್ಮದೇ ಗುರುತು, ಅವರ ಗುರುತು ಅವರ ಮೊಬೈಲಿನ ಪರದೆಯ ಮೇಲೇ ಆರಿಹೋಗಿತ್ತು.

ಮೊದಲು ಫೋನು ಮಾಡಿದೆವು. ಗೊತ್ತಿಲ್ಲದ ನಂಬರು, ಸಾಲ ಬೇಕೇ ಎಂದು ಕೇಳುವವರಿರಬೇಕೆಂದು ಹೆಚ್ಚಿನವರು ಎತ್ತಲಿಲ್ಲ. ಹೀಗಾಗಿ ಮುಗಿಯಿತೆಂದು ಸಮಿತಿ ಠರಾವು ಮಾಡಿದ್ದ ಕೆಲಸವನ್ನೇ ಮಾಡಿದೆವು: ಛತ್ರಿ ಹಿಡಿದು ಮನೆಮನೆಗೆ ಹೊರಟೆವು. ಎಪ್ಪತ್ತು ದಾಟಿದ ಮೊಣಕಾಲಿಗೆ ಟೆಂಭೀಪಾಡದ ಮೆಟ್ಟಿಲುಗಳು ಎಷ್ಟಿವೆ ಎಂಬುದನ್ನು ಯಾವ ಕಂಪ್ಯೂಟರೂ ಎಣಿಸಿಕೊಡಬೇಕಾಗಿಲ್ಲ. ನೀಲಿ ಬಾಗಿಲು ಎಂದು ಬರೆದಿದ್ದ ಮನೆಯನ್ನು ಎರಡು ಸಲ ದಾಟಿಹೋದೆವು. ಗಣಪತಿ ಹಬ್ಬಕ್ಕೆಂದು ಹಸಿರು ಹಚ್ಚಿಸಿದ್ದರು. ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ನೀರುದೋಸೆ. ಹಳಿಯಾಚೆಯ ಒಂದು ಕಟ್ಟಡದಲ್ಲಿ ಮನೆಮಾತು ಮರಾಠಿ ಎಂದು ಬರೆದಿದ್ದವರೊಬ್ಬರು, ತಾಯಿ ಬೆಳಗಾವಿಯ ಕಡೆಯವರು, ಮಗಳಿಗೆ ಅಜ್ಜಿಯ ಹಾಡು ತಿಳಿಯಲಿ ಎಂದು 'ಬೇಕು' ಒತ್ತಿದ್ದರಂತೆ. ಎಲ್ಲ ಕಡೆಯೂ ನಾವು ಮೊದಲು ಕ್ಷಮೆ ಕೇಳಿದೆವು. ಎರಡು ಮನೆಗಳಲ್ಲಿ ಮಾತ್ರ ಕೊಂಚ ಗಡಸಾಗಿಯೇ ಕೇಳಿಸಿಕೊಳ್ಳಬೇಕಾಯಿತು. "ನಮ್ಮನ್ನು ಕೇಳಿ, ನಮ್ಮ ಉತ್ತರ ನೀವೇ ಬರೆದುಕೊಂಡಿರಾ?" ಎಂದರೊಬ್ಬರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೂರು ದಿನಗಳಲ್ಲಿ 39 ಮನೆಗಳ ಉತ್ತರ ಸಿಕ್ಕಿತು. ಬೇಕು ಎಂದವರು 24, ಬೇಡ ಎಂದವರು 9. ಆರು ಮನೆಯವರು ಮಾತ್ರ ನಿಜಕ್ಕೂ ಆಮೇಲೆ ತಿಳಿಸುತ್ತೇವೆ ಎಂದೇ ಹಾಕಿದ್ದರು, ಬಾಗಿಲಲ್ಲಿ ನಿಂತು ಕೇಳಿದಾಗಲೂ ಹಾಗೆಯೇ ಎಂದರು. ಠರಾವು ರದ್ದಾಯಿತು. ಅಂದೇ ಹೇಳಿರಲಿಲ್ಲವೇ ಎಂದಿದ್ದವರು ಈ ಸಲವೂ ಅದನ್ನೇ ಹೇಳಿದರು.

ಫಾರಂ ಈಗಲೂ ಇದೆ. ಯಾವ ಗುಂಡಿಯ ಮೇಲೂ ಮುಂಗಡ ಗುರುತಿಲ್ಲ. ರಿಕ್ವೈರ್ಡ್ ಎಂಬ ಒಂದು ಲಕ್ಷಣ ಸೇರಿಸಿದ್ದೇವೆ, ಯಾವುದಾದರೊಂದನ್ನು ಒತ್ತದೆ ಫಾರಂ ಹೊರಡುವುದಿಲ್ಲ. ಇದು ಒರಟುತನವೆಂದು ಸಮಿತಿಯಲ್ಲಿ ಒಬ್ಬಿಬ್ಬರಿಗೆ ಅಸಮಾಧಾನವಿದೆ. ಮಳೆಗಾಲ ಕಳೆದ ಮೇಲೆ ಮೊದಲ ಭಾನುವಾರ ಕೋಣೆ ತೆರೆದೆವು. ಬೆಂಚು ಹದಿನಾಲ್ಕು ಇದ್ದವು, ಮಕ್ಕಳು ಮೂವತ್ತೊಂದು ಬಂದರು. ಕೊನೆಗೆ ಬಂದದ್ದು ಆ ಆರು ಮನೆಗಳಲ್ಲೊಂದರ ಹುಡುಗ, ತಿಳಿಸದೆಯೇ.